ಪ್ಯಾಂಟು ಅಂದ್ರೆ ಮೊದಲು ಒಬ್ಬ ಮುದುಕ

ಪ್ರಶ್ನೆ: ಮೇಷ್ಟ್ರೇ ನಮಸ್ಕಾರ. ನಾನು ದಾವಣಗೆರೆ ಕಡೆಯವನು, ಟೈಲರಿಂಗ್ ನಮ್ಮ ಕಸುಬು, ಮೂವತ್ತು ವರ್ಷದಿಂದ ಪ್ಯಾಂಟು ಹೊಲ್ಕೊಂಡೇ ಬದುಕ್ತಿದೀನಿ. ಮಗ ಓದೋಕೆ ಅಂತ ಇಂಗ್ಲೆಂಡಿಗೆ ಹೋಗಿದಾನೆ. ಅಲ್ಲಿ ಅಂಗಡೀಲಿ ಪ್ಯಾಂಟ್ಸ್ ಎಲ್ಲಿದೆ ಅಂತ ಕೇಳಿದ್ರೆ ಒಳಚಡ್ಡಿ ಇಟ್ಟಿರೋ ಕಡೆ ಕೈ ತೋರಿಸಿದ್ರಂತೆ. ಅದ್ಯಾಕೆ ಹಂಗೆ ಅಂತ ಹುಡುಕೋಕೆ ಹೋಗಿ ಈಗ ಅವನು ಹೇಳ್ತಾನೆ, ಪ್ಯಾಂಟು ಅನ್ನೋದು ಬಟ್ಟೆ ಹೆಸರೇ ಅಲ್ವಂತೆ, ಇಟಲಿ ನಾಟಕದ ಒಬ್ಬ ಜೋಕರ್ ಹೆಸರಂತೆ. ನಿಜವಾ? ನಿಜ ಆದ್ರೆ ಮನುಷ್ಯನ ಹೆಸರು ಬಟ್ಟೆಗೆ ಹೆಂಗೆ ಬಂತು, ಬಟ್ಟೆಯಿಂದ ಚಡ್ಡಿಗೆ ಹೆಂಗೆ ಇಳೀತು? ಇನ್ನೊಂದು, ಇರೋದು ಒಂದೇ ಪ್ಯಾಂಟು, ಅದಕ್ಕೆ ಕೊನೇಲಿ ಒಂದು ‘ಸ್’ ಯಾಕೆ?

ಉತ್ತರ: ನಿಮ್ಮ ಮಗ ಹೇಳಿದ್ದು ನಿಜ. ಒಂದೇ ಒಂದು ತಿದ್ದುಪಡಿ ಅಂದ್ರೆ ಅವನು ಜೋಕರ್ ಅಲ್ಲ. ನಮ್ಮಲ್ಲಿ ಜೋಕರ್ ಅಂದ್ರೆ ಬೇಕಂತಲೇ ನಗಿಸೋನು, ಈ ಮನುಷ್ಯ ಹಂಗಲ್ಲ, ಅವನಿಗೆ ತಾನು ಭಾರಿ ಗಂಭೀರ, ಭಾರಿ ಬುದ್ಧಿವಂತ ಅನ್ನೋ ಭ್ರಮೆ, ನಗೋದು ನೋಡೋ ಜನ. ಅವನ ಹೆಸರು ಪಾಂತಾಲೋನೆ. ಊರು ವೆನಿಸ್, ವಯಸ್ಸು ಅರವತ್ತು ದಾಟಿದೆ, ಕಸುಬು ವ್ಯಾಪಾರ, ಗುಣ ಪರಮ ಜಿಪುಣ. ನೀವು ಮೂವತ್ತು ವರ್ಷದಿಂದ ಹೊಲೀತಿರೋದು ಅವನ ಹೆಸರನ್ನೇ, ಆದ್ರೆ ಹೆಸರಲ್ಲಿ ಅರ್ಧಕ್ಕಿಂತ ಹೆಚ್ಚು ಕತ್ತರಿಸಿ ಬಿಸಾಕಿ ಉಳಿದ ತುಂಡನ್ನ.

ಇವನು ಹುಟ್ಟಿದ ನಾಟಕ ಎಂಥದ್ದು ಅಂತ ಗೊತ್ತಾದ್ರೆ ಮುಂದಿನದು ಸಲೀಸು. ಇಟಲೀಲಿ ಸುಮಾರು 1500ರ ನಂತರ ಒಂದು ಬಗೆಯ ಮೇಳದ ನಾಟಕ ಶುರುವಾಯ್ತು, ಈಗ ಅದನ್ನ ಕಾಮೆಡಿಯಾ ದೆಲ್ ಆರ್ಟೆ ಅಂತಾರೆ. 1545ರಲ್ಲಿ ಪಾದುವಾ ಊರಲ್ಲಿ ಕೆಲವು ನಟರು ಒಟ್ಟು ಸೇರಿ, ಗಳಿಕೆ ಹೆಂಗೆ ಹಂಚ್ಕೋಬೇಕು, ಕಾಯಿಲೆ ಬಿದ್ದವನನ್ನ ಯಾರು ನೋಡ್ಕೋಬೇಕು ಅಂತೆಲ್ಲ ಬರೆಸಿ ಮಾಡ್ಕೊಂಡ ಕರಾರುಪತ್ರ ಇದೆ, ಇಂಥ ಮೇಳದ ಬಗ್ಗೆ ನಮಗೆ ಸಿಕ್ಕಿರೋ ಹಳೇ ದಾಖಲೆ ಅದು. ನಮ್ಮ ತಾಳಮದ್ದಲೆ, ಬಯಲಾಟ ನೋಡಿದವರಿಗೆ ಈ ಆಟದ ಮರ್ಮ ಬೇಗ ಹಿಡಿಸುತ್ತೆ. ಯಾಕಂದ್ರೆ ಅಲ್ಲೂ ಬರೆದಿಟ್ಟ ಡೈಲಾಗ್ ಇರ್ಲಿಲ್ಲ. ಯಾರು ಯಾವಾಗ ಬರಬೇಕು, ಕಥೆ ಎಲ್ಲಿಗೆ ಮುಟ್ಟಬೇಕು ಅನ್ನೋದೊಂದು ಚೀಟಿ ರಂಗದ ಹಿಂದೆ ತಗಲಾಕಿರೋರು, ಮಾತೆಲ್ಲ ಆ ಹೊತ್ತಿಗೆ ನಾಲಿಗೆಗೆ ಬಂದದ್ದು. ವೇಷ ಮಾತ್ರ ಫಿಕ್ಸ್. ಒಬ್ಬೊಬ್ಬ ಪಾತ್ರಕ್ಕೆ ಒಂದೊಂದು ಊರು, ಆ ಊರಿನ ಮಾತಿನ ಧಾಟಿ. ನಮ್ಮ ಸಿನಿಮಾದಲ್ಲಿ ಒಬ್ಬ ಮಂಗಳೂರು ಕನ್ನಡ, ಒಬ್ಬ ಧಾರವಾಡ ಕನ್ನಡ ಮಾತಾಡಿದ ತಕ್ಷಣ ಥಿಯೇಟರ್‌ನಲ್ಲಿ ನಗು ಏಳುತ್ತಲ್ಲ, ಅದೇ ಲೆಕ್ಕ. ಬರ್ಗಾಮೋ ಬೆಟ್ಟದ ಕಡೆಯಿಂದ ಬಂದ ಹಸಿದ ಆಳು, ಅವನು ಜಾನ್ನಿ. ಬೊಲೋನ್ಯಾದ ಯೂನಿವರ್ಸಿಟಿಯಲ್ಲಿ ಓದಿ ಲ್ಯಾಟಿನ್ ತಪ್ಪುತಪ್ಪಾಗಿ ಉದುರಿಸೋ ಡಾಕ್ಟರ್. ನೇಪಲ್ಸಿನ ಪುಲ್ಚಿನೆಲ್ಲಾ. ವೆನಿಸ್‌ನಿಂದ ನಮ್ಮ ಮುದುಕ.

ಅವನು ರಂಗಕ್ಕೆ ಬರೋದನ್ನ ಒಂಚೂರು ಕಣ್ಮುಂದೆ ತಂದ್ಕೊಳ್ಳಿ. ನೀವು ಟೈಲರ್, ಬಟ್ಟೆಯಿಂದಲೇ ಶುರು ಮಾಡೋಣ. ಮೈಗೆ ಅಂಟಿದಂಗಿರೋ ಕೆಂಪು ಅಂಗಿ. ಸೊಂಟದಿಂದ ಪಾದದವರೆಗೆ ಅದೇ ಕೆಂಪು ಬಣ್ಣದ ಬಿಗಿಯಾದ ಕಾಲುಡುಪು. ಮೇಲೆ ಹಿಂದಕ್ಕೆ ಇಳಿಬಿದ್ದ ಕಪ್ಪು ನಿಲುವಂಗಿ. ಕಾಲಲ್ಲಿ ಟರ್ಕಿ ಕಡೆಯ ಚಪ್ಪಲಿ, ವೆನಿಸ್ ವ್ಯಾಪಾರಿ ಅಂದ್ಮೇಲೆ ಅಲ್ಲಿಂದಲೇ ತಾನೇ ತರೋದು. ಮುಖದ ಮೇಲೆ ಕೊಕ್ಕೆ ಮೂಗಿನ ಕಂದು ಮುಖವಾಡ, ಗದ್ದದಿಂದ ಮುಂದಕ್ಕೆ ಚಾಚಿದ ಚೂಪು ಗಡ್ಡ. ಸೊಂಟದಲ್ಲಿ ಹಣದ ಚೀಲ, ಅದರ ಮೇಲೆ ಯಾವಾಗಲೂ ಒಂದು ಕೈ. ಬೆನ್ನು ಬಾಗಿದೆ, ಮಂಡಿ ಮಡಚಿದೆ, ಆದ್ರೂ ಹುಡುಗಿ ಕಂಡ್ರೆ ಎದೆ ಸೆಟೆಸ್ತಾನೆ, ಸೆಟೆಸಿದ ಮರುಕ್ಷಣ ಸೊಂಟ ಹಿಡ್ಕೊಳ್ಳುತ್ತೆ. ಹಡಗು ಮುಳುಗಿತು, ದುಡ್ಡು ಹೋಯ್ತು ಅಂತ ಸುದ್ದಿ ಬಂದ್ರೆ ಅಂಗಾತ ಬಿದ್ದು ಆಮೆ ಥರ ಕೈಕಾಲು ಆಡಿಸ್ತಾನೆ, ಎಬ್ಬಿಸೋಕೆ ಬಂದ ಆಳು ಮೊದಲು ಚೀಲಕ್ಕೆ ಕೈ ಹಾಕ್ತಾನೆ. ಮಗ ಪ್ರೀತಿಸಿದ ಹುಡುಗಿ ಮೇಲೇ ಇವನ ಕಣ್ಣು, ಮಗಳನ್ನ ತನ್ನಷ್ಟೇ ವಯಸ್ಸಾದ ಡಾಕ್ಟರನಿಗೆ ಕೊಡೋ ಪ್ಲಾನು, ಕೊನೇಲಿ ಎಲ್ಲಾ ಕಡೆ ಮೋಸಹೋಗಿ ದುಡ್ಡೂ ಕೊಟ್ಟು ಆಶೀರ್ವಾದಾನೂ ಮಾಡಿ ಒಳಗೆ ಹೋಗ್ತಾನೆ. ದಿನಾ ಇದೇ ಕಥೆ, ಜನ ದಿನಾ ನೋಡೋರು.

ಹೆಸರು ಎಲ್ಲಿಂದ ಬಂತು ಅಂದ್ರೆ, ಸಂತ ಪಾಂತಾಲೆಯೋನೆ ಅಂತ ಒಬ್ಬ ವೈದ್ಯ. ಈಗಿನ ಟರ್ಕಿಯಲ್ಲಿರೋ ನಿಕೊಮೀಡಿಯಾದವನು, ಡಯೊಕ್ಲಿಷಿಯನ್ ಚಕ್ರವರ್ತಿ ಕಾಲದಲ್ಲಿ, ಸುಮಾರು 305ರಲ್ಲಿ, ಕ್ರೈಸ್ತ ಧರ್ಮ ಬಿಡದೆ ಕೊಲೆಯಾದ ಅಂತ ನಂಬಿಕೆ. ವೆನಿಸ್‌ನಲ್ಲಿ ಅವನ ಹೆಸರಿನ ಇಗರ್ಜಿ ಇದೆ, ಸಾನ್ ಪಾಂತಾಲೋನ್ ಅಂತ. ಅಲ್ಲಿಗೆ ಹೋದವರು ಕತ್ತು ನೋಯೋವರೆಗೆ ಮೇಲೇ ನೋಡ್ತಾರೆ, ಫುಮಿಯಾನಿ ಅನ್ನೋ ಚಿತ್ರಕಾರ 1680ರಿಂದ 1704ರವರೆಗೆ ಆ ಸಂತನ ಕಥೆಯನ್ನ ಕ್ಯಾನ್ವಾಸ್ ತುಂಡುಗಳ ಮೇಲೆ ಬರೆದು ಇಡೀ ಸೂರಿಗೆ ಜೋಡಿಸಿದಾನೆ. ಸಂತನ ಹೆಸರು ಊರಲ್ಲಿ ಮನೆಮಾತು, ಹಂಗಾಗಿ ಬೇರೆ ಊರಿನವರು ‘ವೆನಿಸ್‌ನವನು’ ಅಂತ ಚುಡಾಯಿಸೋಕೆ ಅದೇ ಹೆಸರು ಹಿಡಿದ್ರು. ಇನ್ನೊಂದು ಕಥೆ ಓಡಾಡುತ್ತೆ, ವೆನಿಸ್ ವ್ಯಾಪಾರಿಗಳು ಹೋದ ಕಡೆಯೆಲ್ಲ ತಮ್ಮ ಸಿಂಹದ ಬಾವುಟ ನೆಡ್ತಿದ್ರು, ಇಟಾಲಿಯನ್‌ನಲ್ಲಿ ‘ಪಿಯಾಂತಾ ಲಿಯೋನೆ’, ಸಿಂಹ ನೆಡೋನು, ಅದರಿಂದ ಪಾಂತಾಲೋನೆ ಅಂತ. ಬೈರನ್ ಕವಿ ಕೂಡ 1818ರ ತನ್ನ ಕಾವ್ಯದಲ್ಲಿ ಇದನ್ನೇ ಹೇಳಿ ಇಂಗ್ಲಿಷಿನವರ ಬಾಯಿಗೆ ಹಾಕಿಬಿಟ್ಟ. ಚೆನ್ನಾಗಿದೆ, ಆದ್ರೆ ನಾನು ನಂಬಲ್ಲ. ಊರಿನ ಹೆಸರಿಗೆ ಆಮೇಲೆ ಕಟ್ಟೋ ಸ್ಥಳಪುರಾಣ ಇದೆಯಲ್ಲ, ಬೆಂದ ಕಾಳಿನ ಕಥೆ ಥರದ್ದು, ಅದೇ ಜಾತಿ.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರ್ತೀನಿ, ಮನುಷ್ಯನ ಹೆಸರು ಬಟ್ಟೆಗೆ ಹೆಂಗೆ ಬಂತು. ನನಗನ್ನಿಸೋದು ಇಷ್ಟು: ಮೇಳಗಳು ದೇಶದೇಶ ಸುತ್ತಿದ್ವು, ಒಂದೊಂದು ಊರಿನ ಜನ ಆ ಮುದುಕನನ್ನ ಪೂರ್ತಿ ತಗೊಳ್ಳಲಿಲ್ಲ. ಕಣ್ಣಿಗೆ ಬಿದ್ದ ಒಂದು ಭಾಗ ಹಿಡ್ಕೊಂಡು ಅದಕ್ಕೆ ಅವನ ಹೆಸರಿಟ್ರು. ಇಟಲಿಯವರು ಅವನ ಚೀಲ ಹಿಡ್ಕೊಂಡ್ರು, ಇಂಗ್ಲಿಷರು ಅವನ ಮುಪ್ಪು ಹಿಡ್ಕೊಂಡ್ರು, ಫ್ರೆಂಚರು ಕಾಲು ಹಿಡ್ಕೊಂಡ್ರು. ಗೆದ್ದದ್ದು ಕಾಲು ಹಿಡಿದವರೇ.

ಚೀಲದ ಕಥೆ ಮೊದಲು. ಇಟಾಲಿಯನ್‌ನಲ್ಲಿ ಇವತ್ತಿಗೂ ‘ಪಾಗಾ ಪಾಂತಾಲೋನೆ’ ಅಂತ ಒಂದು ಮಾತಿದೆ, ಪಾಂತಾಲೋನೆ ದುಡ್ಡು ಕೊಡ್ತಾನೆ ಬಿಡು ಅಂತ. ಸರ್ಕಾರ ದುಂದುವೆಚ್ಚ ಮಾಡಿದಾಗ, ಯಾರೋ ಮಾಡಿದ ನಷ್ಟ ಕೊನೆಗೆ ತೆರಿಗೆ ಕಟ್ಟೋ ಬಡಪಾಯಿ ತಲೆಗೆ ಬಂದಾಗ ಹೇಳೋ ಮಾತು. ನೋಡಿ ಎಂಥ ತಮಾಷೆ, ರಂಗದ ಮೇಲೆ ಅವನು ಒಂದು ಕಾಸು ಬಿಚ್ಚದ ಶ್ರೀಮಂತ, ಗಾದೇಲಿ ಅವನೇ ಎಲ್ಲರ ಬಿಲ್ಲು ಕಟ್ಟೋ ಸಾಮಾನ್ಯ ಮನುಷ್ಯ. ಆದ್ರೆ ಯೋಚನೆ ಮಾಡಿದ್ರೆ ವಿರೋಧ ಏನಿಲ್ಲ, ಪ್ರತಿ ನಾಟಕದ ಕೊನೇಲೂ ಚೀಲ ಖಾಲಿಯಾಗ್ತಿದ್ದದ್ದು ಅವನದ್ದೇ ತಾನೇ, ಜನಕ್ಕೆ ನೆನಪುಳಿದದ್ದು ಆ ಕೊನೆ ಸೀನು. ನಮ್ಮಲ್ಲೂ ಇಂಥದ್ದೇ ಇದೆ, ‘ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ’. ಅಲ್ಲೂ ದುಡ್ಡು ಕಳ್ಕೊಂಡವನಿಗೆ ಸಿಕ್ಕಿದ್ದು ರಂಗದ ಮೇಲಿನ ಹಾಸ್ಯದ ವೇಷದ ಹೆಸರೇ. ವೆನಿಸ್ಸಿಗೂ ಬಯಲುಸೀಮೆಗೂ ಎತ್ತಣಿಂದೆತ್ತ ಸಂಬಂಧ, ಆದ್ರೂ ಸಾಲ ಕೊಟ್ಟು ಕೈ ಸುಟ್ಕೊಂಡವನ ಮುಖ ಎರಡು ಕಡೆಗೂ ಒಂದೇ ಥರ ಕಂಡಿದೆ.

ಕೋಡಂಗಿ ಅಂದಾಗ ಒಂದು ಮಾತು ಹೇಳಿಬಿಡ್ತೀನಿ, ಬೈಗುಳ ಅಂತ ನಾವು ಬಳಸೋ ಈ ಪದಕ್ಕೆ ಯಕ್ಷಗಾನದ ಬಡಗುತಿಟ್ಟಿನಲ್ಲಿ ಬೇರೇನೇ ಮರ್ಯಾದೆ ಇದೆ. ಮುಖ್ಯ ಪ್ರಸಂಗ ಶುರುವಾಗೋಕೆ ಮುಂಚೆ ಪೂರ್ವರಂಗ ಅಂತ ಇರುತ್ತಲ್ಲ, ಅದರಲ್ಲಿ ಮೊದಲು ಕುಣಿಯೋದು ಕೋಡಂಗಿಗಳು, ಆಮೇಲೆ ಬಾಲಗೋಪಾಲ. ಮೇಳಕ್ಕೆ ಹೊಸದಾಗಿ ಸೇರಿದ ಹುಡುಗರು ಹೆಜ್ಜೆ ಕಲಿತದ್ದೇ ಕೋಡಂಗಿ ವೇಷ ಹಾಕ್ಕೊಂಡು. ಜನ ಇನ್ನೂ ಚಾಪೆ ಹಾಸ್ಕೊಳ್ತಾ, ಕಡಲೆಕಾಯಿ ಬಿಡಿಸ್ತಾ ಇರೋ ಹೊತ್ತು ಅದು, ಹೆಜ್ಜೆ ತಪ್ಪಿದ್ರೂ ಯಾರೂ ಬೈಯಲ್ಲ. ಅಂದ್ರೆ ಮೇಳದೊಳಗೆ ಕೋಡಂಗಿ ಅಂದ್ರೆ ಕಲಿಯೋ ಹುಡುಗ, ಮೇಳದ ಹೊರಗೆ ಕೋಡಂಗಿ ಅಂದ್ರೆ ಪೆದ್ದ. ಹೊರಗಿನವರಿಗೆ ಕಂಡದ್ದು ಆ ತಪ್ಪು ಹೆಜ್ಜೆ ಅಷ್ಟೇ.

ವಾಪಸ್ ಬರೋಣ. ಇಟಲಿಯಲ್ಲಿ ಈ ಮುದುಕನ ಗ್ರಹಚಾರ ಬಿಡಿಸಿದವನು ಗೋಲ್ದೋನಿ ಅನ್ನೋ ನಾಟಕಕಾರ, ವೆನಿಸ್‌ನವನೇ, 1707ರಲ್ಲಿ ಹುಟ್ಟಿದ್ದು. ಮುಖವಾಡ ತೆಗೆಸಿ, ಬಾಯಿಗೆ ಬಂದದ್ದು ಹೇಳೋದು ನಿಲ್ಲಿಸಿ, ಡೈಲಾಗ್ ಬರೆದು ಕೊಟ್ಟ. ಅವನ ಕೈಯಲ್ಲಿ ಪಾಂತಾಲೋನೆ ನಂಬಿಕಸ್ತ ವ್ಯಾಪಾರಿಯಾದ, ಮನೆ ಹಿರಿಯನಾದ, ಬುದ್ಧಿ ಹೇಳೋನಾದ. ಒಳ್ಳೇದೇ, ಆದ್ರೆ ಒಳ್ಳೆಯವನಾದ ಮೇಲೆ ಅವನನ್ನ ನೋಡಿ ಯಾರು ನಗ್ತಾರೆ. 1797ರ ಮೇ ತಿಂಗಳಲ್ಲಿ ನೆಪೋಲಿಯನ್ ಬಂದು ವೆನಿಸ್ ಗಣರಾಜ್ಯವನ್ನೇ ಮುಗಿಸಿಬಿಟ್ಟ, ವ್ಯಾಪಾರಿಯ ಹಿಂದೆ ನಿಂತಿದ್ದ ಊರೂ ಹೋಯ್ತು.

ಇಂಗ್ಲೆಂಡಿನ ವಿಷಯ ಚಿಕ್ಕದು. ಷೇಕ್ಸ್‌ಪಿಯರ್ ‘ಆ್ಯಸ್ ಯು ಲೈಕ್ ಇಟ್’ ನಾಟಕದಲ್ಲಿ ಮನುಷ್ಯನ ಏಳು ಅವಸ್ಥೆ ಹೇಳ್ತಾ ಆರನೇದನ್ನ ಬಡಕಲು, ಚಪ್ಪಲಿ ಮೆಟ್ಟಿದ ಪ್ಯಾಂಟಲೂನ್ ಅಂತಾನೆ, ಮೂಗಿನ ಮೇಲೆ ಕನ್ನಡಕ, ಪಕ್ಕದಲ್ಲಿ ಚೀಲ. ಅಂದ್ರೆ 1600ರ ಹೊತ್ತಿಗೇ ಲಂಡನ್ನಿನ ಪ್ರೇಕ್ಷಕರಿಗೆ ಈ ಪದ ಸಾಕು, ಮುದುಕ ಕಣ್ಮುಂದೆ ಬಂದು ನಿಲ್ತಿದ್ದ. ಗಮನಿಸಿ, ಇಲ್ಲಿ ಪ್ಯಾಂಟಲೂನ್ ಅಂದ್ರೆ ಮನುಷ್ಯ, ಬಟ್ಟೆ ಅಲ್ಲ. ಅದೇ ಸಾಲುಗಳಲ್ಲಿ ಯೌವನದಲ್ಲಿ ಹೊಲಿಸಿ ಜೋಪಾನ ಮಾಡಿದ ಕಾಲುಡುಪು ಈಗ ಸೊರಗಿದ ಕಾಲಿಗೆ ಭಾರಿ ದೊಗಲೆ ಆಗಿದೆ ಅಂತಾನೂ ಬರುತ್ತೆ. ಆ ಕವಿಗೆ ತಾನು ಯಾವ ಬಟ್ಟೆಯ ಹೆಸರಿನ ಪಕ್ಕ ಕೂತಿದೀನಿ ಅಂತ ಗೊತ್ತಿರೋಕೆ ಸಾಧ್ಯವೇ ಇರ್ಲಿಲ್ಲ, ಆ ಅರ್ಥ ಇಂಗ್ಲಿಷಿಗೆ ಇನ್ನೂ ಬಂದಿರಲಿಲ್ಲ. ನನಗೆ ಮಾತ್ರ ಓದಿದಾಗಲೆಲ್ಲ ನಗು ಬರುತ್ತೆ.

ಇನ್ನು ಕಾಲು. 1577ರಲ್ಲಿ ಜೆಲೋಸಿ ಅನ್ನೋ ಹೆಸರಾಂತ ಇಟಲಿ ಮೇಳವನ್ನ ಫ್ರಾನ್ಸಿನ ರಾಜ ಮೂರನೇ ಹೆನ್ರಿ ತನ್ನ ಬ್ಲುವಾ ಅರಮನೆಗೆ ಕರೆಸಿದ, ಅಲ್ಲಿಂದ ಪ್ಯಾರಿಸ್ಸಿಗೂ ಹೋಗಿ ಆಡಿದ್ರು. ಫ್ರೆಂಚರಿಗೆ ವೆನಿಸ್ ಭಾಷೆಯ ಜೋಕು ಎಷ್ಟು ಅರ್ಥ ಆಗಿರಬಹುದು ಹೇಳಿ, ಆದ್ರೆ ಕಣ್ಣಿಗೆ ಕಂಡದ್ದು ಅರ್ಥವಾಗುತ್ತಲ್ಲ. ಅವರ ಗಂಡಸರು ಆಗ ಮಂಡಿವರೆಗಿನ ಉಬ್ಬಿದ ಚಡ್ಡಿ ಹಾಕಿ ಕೆಳಗೆ ಬೇರೆ ಕಾಲುಚೀಲ ಏರಿಸ್ತಿದ್ರು, ಈ ಮುದುಕನ ಕೆಂಪುಡುಪು ಸೊಂಟದಿಂದ ಪಾದದವರೆಗೆ ಒಂದೇ. ಸರಿ, ಆ ಥರ ಉದ್ದಕ್ಕೆ ಇಳಿಯೋ ಕಾಲುಡುಪಿಗೆಲ್ಲ ಪಾಂತಾಲೊ ಅಂದ್ರು. ನಿಮ್ಮ ಅಂಗಡಿಗೂ ಬಂದು ಸಿನಿಮಾ ಹೀರೋ ಹೆಸರು ಹೇಳಿ ‘ಅವನ ಥರ ಹೊಲ್ದು ಕೊಡಿ’ ಅಂದವರು ಎಷ್ಟು ಜನ ಇಲ್ಲ. ಹೀರೋ ಸಿನಿಮಾ ಓಡದೇ ಹೋದ್ರೂ ಕಟ್ ಉಳ್ಕೊಳ್ಳುತ್ತೆ.

ಇಲ್ಲಿಂದ ಮುಂದೆ ಹೆಸರು ಒಂದೇ, ಬಟ್ಟೆ ಬದಲಾಗ್ತಾ ಹೋಯ್ತು, ನೀವು ಕಸುಬಿನವರು ಇದು ನಿಮಗೆ ಮಜಾ ಕೊಡುತ್ತೆ. 1660ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಪ್ಯಾಂಟಲೂನ್ಸ್ ಅಂದ್ರೆ ಲಂಗದಷ್ಟು ದೊಗಲೆ, ಫ್ರಾನ್ಸಿನಿಂದ ಬಂದ ಫ್ಯಾಷನ್. ಇನ್ನೂ ನೂರು ಚಿಲ್ಲರೆ ವರ್ಷ ಕಳೆದ ಮೇಲೆ ಅದೇ ಪದಕ್ಕೆ ಕಾಲಿಗೆ ಅಂಟಿದಂಥ, ಮೀನಖಂಡದ ಕೆಳಗೆ ಗುಂಡಿ ಹಾಕೋ ಅಥವಾ ಪಾದದಡಿ ಪಟ್ಟಿ ಎಳೆದು ಕಟ್ಟೋ ಬಿಗಿ ಉಡುಪು, ಲಂಡನ್ನಿನ ಶೋಕಿಗಾರರ ಗುರು ಬ್ಯೂ ಬ್ರಮ್ಮೆಲ್ ಅದನ್ನ ಹಾಕಿ ಹಾಕಿ ಮೆರೆದ. ಆಮೇಲೆ ಪಟ್ಟಿ ಬಿಚ್ಚಿ ಸಡಿಲಾಯ್ತು, ನೀವು ಈಗ ಹೊಲಿಯೋ ಆಕಾರಕ್ಕೆ ಬಂತು. ದೊಗಲೆ, ಬಿಗಿ, ಸಡಿಲ, ಮೂರಕ್ಕೂ ಒಂದೇ ಹೆಸರು.

ಫ್ರಾನ್ಸಿನ ಕ್ರಾಂತಿಯಲ್ಲಿ ಈ ಬಟ್ಟೆ ಪಾರ್ಟಿ ಬಾವುಟದಂಗೆ ಆಗಿಬಿಡ್ತು. ಶ್ರೀಮಂತರು ಹಾಕೋ ಮಂಡಿಚಡ್ಡಿಗೆ ಕ್ಯುಲೊತ್ ಅಂತ ಹೆಸರು. ಬೀದಿಗಿಳಿದ ಕೂಲಿ ಜನ, ಕುಶಲಕರ್ಮಿಗಳು ಅದನ್ನ ಹಾಕ್ತಿರಲಿಲ್ಲ, ಕೆಲಸಕ್ಕೆ ಅನುಕೂಲ ಅಂತ ಉದ್ದ ಪಾಂತಾಲೊ ಹಾಕ್ತಿದ್ರು, ಹಂಗಾಗಿ ಅವರ ಹೆಸರೇ ‘ಸಾನ್ ಕ್ಯುಲೊತ್’, ಮಂಡಿಚಡ್ಡಿ ಇಲ್ಲದವರು ಅಂತ. ದುಡ್ಡಿನ ಚೀಲ ಬಿಗಿಹಿಡಿದ ಶ್ರೀಮಂತ ಮುದುಕನ ಹೆಸರು ಶ್ರೀಮಂತರ ತಲೆ ಉರುಳಿಸಿದವರ ಕಾಲಿಗೆ ಬಂತು. 1800ರ ನವೆಂಬರಿನಲ್ಲಿ ಪ್ಯಾರಿಸ್ ಪೊಲೀಸರು ಇನ್ನೊಂದು ಆದೇಶ ಹೊರಡಿಸಿದ್ರು, ಹೆಂಗಸರು ಗಂಡಸರ ಉಡುಪು ಹಾಕಬೇಕಾದ್ರೆ ಪೊಲೀಸ್ ಕಚೇರಿಗೆ ಬಂದು ಪರ್ಮಿಷನ್ ತಗೋಬೇಕು ಅಂತ. ಅಂದ್ರೆ ಪ್ಯಾಂಟು ಹಾಕೋಕೆ ಲೈಸೆನ್ಸ್. ಆಮೇಲೆ 1892ರಲ್ಲಿ, 1909ರಲ್ಲಿ ಸ್ವಲ್ಪ ಸಡಿಲ ಮಾಡಿ, ಕೈಯಲ್ಲಿ ಸೈಕಲ್ ಹ್ಯಾಂಡಲ್ಲೋ ಕುದುರೆ ಲಗಾಮೋ ಇದ್ರೆ ಪರವಾಗಿಲ್ಲ ಅಂದ್ರು. ಅದು ಈಗ ಊರ್ಜಿತದಲ್ಲಿಲ್ಲ ಅಂತ ಸರ್ಕಾರ ಅಧಿಕೃತವಾಗಿ ಹೇಳಿದ್ದು ಯಾವಾಗ ಗೊತ್ತಾ, 2013ರಲ್ಲಿ. ಯಾರೂ ಪಾಲಿಸ್ತಿರಲಿಲ್ಲ ಅನ್ನೋದು ಬೇರೆ ಮಾತು.

ಈಗ ನಿಮ್ಮ ಮಗ ಸಿಕ್ಕಾಕ್ಕೊಂಡ ಜಾಗ. ಪದ ಅಮೆರಿಕಕ್ಕೆ ಹೋಯ್ತು, ಅಲ್ಲಿ ಉದ್ದುಡುಪಿಗೆಲ್ಲ ಪ್ಯಾಂಟಲೂನ್ಸ್ ಅಂದ್ರು. ಉದ್ದ ಹೆಸರು, ಅಂಗಡಿಯವರಿಗೆ ಬಿಲ್ ಬರೆಯೋಕೆ ಬೇಸರ, 1840ರ ಹೊತ್ತಿಗೆ ಕತ್ತರಿಸಿ ಪ್ಯಾಂಟ್ಸ್ ಮಾಡಿದ್ರು. ಓದಿದವರಿಗೆ ಇದು ಒಂಚೂರೂ ಹಿಡಿಸ್ಲಿಲ್ಲ. ಆಲಿವರ್ ವೆಂಡಲ್ ಹೋಮ್ಸ್ ಅಂತ ಬಾಸ್ಟನ್ನಿನ ಡಾಕ್ಟರು, ಕವಿಯೂ ಹೌದು, 1846ರಲ್ಲಿ ಪದ್ಯ ಬರೆದು ಛೇಡಿಸಿದ, ಇದು ಸಭ್ಯ ಗೃಹಸ್ಥರ ಪದ ಅಲ್ಲ, ‘ಜೆಂಟಲ್‌ಮನ್’ ಅನ್ನೋದನ್ನೂ ಕತ್ತರಿಸಿ ‘ಜೆಂಟ್’ ಅನ್ನೋ ಜನದ್ದು ಅಂತ. ಪಾಪ, ಇವತ್ತು ನಮ್ಮ ಬಸ್‌ಸ್ಟ್ಯಾಂಡಿನ ಶೌಚಾಲಯದ ಮೇಲೆಲ್ಲ ಜೆಂಟ್ಸ್ ಅಂತಲೇ ಬರೆದಿರೋದು ನೋಡಿದ್ರೆ ಏನಾಗ್ತಿದ್ನೋ.

ಬ್ರಿಟಿಷರು ಮೇಲುಡುಪಿಗೆ ಟ್ರೌಸರ್ಸ್ ಅನ್ನೋ ತಮ್ಮ ಪದ ಬಿಡಲಿಲ್ಲ. ಹಂಗಾಗಿ ಪ್ಯಾಂಟ್ಸ್ ಅನ್ನೋ ಪದ ಅವರ ಹತ್ತಿರ ಬಂದಾಗ ಹೊರಗೆ ಜಾಗ ಇರ್ಲಿಲ್ಲ, ಒಳಗೆ ಹೋಯ್ತು. ಅವರ ಕಾಲದಲ್ಲಿ ಒಳಉಡುಪೂ ಉದ್ದವೇ, ಕಣಕಾಲಿನವರೆಗೆ ಬರೋದು, ನೋಡೋಕೆ ಒಂದು ತೆಳು ಪ್ಯಾಂಟಿನ ಥರಾನೇ ಇರೋದು. 1880ರ ಆಸುಪಾಸಿನಿಂದ ಅಂಗಡಿಯವರು ಅದಕ್ಕೆ ಪ್ಯಾಂಟ್ಸ್ ಅನ್ನೋಕೆ ಶುರು ಮಾಡಿದ್ರು, ಉಡುಪು ವರ್ಷ ವರ್ಷ ಕುಗ್ತಾ ಕುಗ್ತಾ ಈಗಿನ ಒಳಚಡ್ಡಿಗೆ ಬಂದು ನಿಂತಿತು, ಹೆಸರು ಮಾತ್ರ ಕುಗ್ಗಲಿಲ್ಲ. ಅಷ್ಟಕ್ಕೇ ಬಿಡಲಿಲ್ಲ, 1990ರ ದಶಕದಲ್ಲಿ ಅಲ್ಲಿನ ಹುಡುಗರು ಕಳಪೆ ಸಿನಿಮಾಕ್ಕೆ, ಸೋತ ಟೀಮಿಗೆ, ಎಲ್ಲಾದಕ್ಕೂ ‘ಪ್ಯಾಂಟ್ಸ್’ ಅನ್ನೋಕೆ ಶುರು ಮಾಡಿದ್ರು, ನಾವು ಡಬ್ಬಾ ಅಂತೀವಲ್ಲ ಹಂಗೆ. ನಿಮ್ಮ ಮಗನಿಗೆ ಹೇಳಿ, ಯಾರಾದ್ರೂ ಅವನ ಅಡುಗೆ ತಿಂದು ‘ಪ್ಯಾಂಟ್ಸ್’ ಅಂದ್ರೆ ಹೊಗಳಿಕೆ ಅಲ್ಲ ಅಂತ.

ಈ ಮಧ್ಯೆ ಪದ ಇನ್ನೂ ಏನೇನೋ ಸಂದಿಗೊಂದಿಗೆ ನುಗ್ಗಿದೆ. ಹರ್ನಿಯಾ ಆಪರೇಷನ್ ಮಾಡೋ ಡಾಕ್ಟರುಗಳು ಪ್ಯಾಂಟಲೂನ್ ಹರ್ನಿಯಾ ಅಂತಾರೆ. ತೊಡೆಸಂದಿಯಲ್ಲಿ ಒಂದು ರಕ್ತನಾಳದ ಈ ಕಡೆ ಒಂದು, ಆ ಕಡೆ ಒಂದು ಚೀಲ ಇಳಿಬಿದ್ದು ಪ್ಯಾಂಟಿನ ಎರಡು ಕಾಲಿನಂಗೆ ಕಾಣೋದಕ್ಕೆ ಆ ಹೆಸರು. ಹಿಂಗಾಲಲ್ಲಿ ದಟ್ಟ ಕೂದಲಿದ್ದು ಅದರ ತುಂಬ ಪರಾಗ ಮೆತ್ತಿಕೊಂಡು ಹಾರೋ ಯುರೋಪಿನ ಒಂದು ಜೇನ್ನೊಣಕ್ಕೆ ಪ್ಯಾಂಟಲೂನ್ ಬೀ ಅಂತ ಕರೀತಾರೆ, ಫೋಟೋ ನೋಡಿ, ಹಳದಿ ಬೆಲ್ ಬಾಟಮ್ ಹಾಕಿದಂಗೇ ಇರುತ್ತೆ. ಫ್ರೆಂಚ್‌ನಲ್ಲಿ ಮಾತ್ರ ಮುದುಕ ಇನ್ನೂ ಪೂರ್ತಿ ಸತ್ತಿಲ್ಲ, ‘ಪಾಂತಾಲೊನಾದ್’ ಅಂದ್ರೆ ಕೋಡಂಗಿ ಚೇಷ್ಟೆ, ಬೀದಿ ಪ್ರಹಸನ ಅಂತ ಅರ್ಥ ಉಳಿದಿದೆ.

ನಮ್ಮ ಕಡೆಗೆ ಬಂದದ್ದು ಇಂಗ್ಲಿಷರ ಜೊತೆ. ಹಿಂದಿ, ಉರ್ದುವಿನವರು ಬಾಯಿಗೆ ಒಗ್ಗಿಸ್ಕೊಂಡು ಪತ್ಲೂನ್ ಮಾಡಿದ್ರು, ಅದರಲ್ಲಿ ಹಳೇ ಹೆಸರಿನ ಬಾಲ ಇನ್ನೂ ಇದೆ. ಕನ್ನಡದಲ್ಲಿ ಷರಾಯಿ, ಇಜಾರು ಅಂತ ಮುಂಚಿನಿಂದ ಇದ್ವು, ಅವನ್ನ ಪಕ್ಕಕ್ಕೆ ತಳ್ಳಿ ಪ್ಯಾಂಟು ಬಂದು ಕೂತಿತು. ಬದಲಿಗೆ ನಾವೂ ಕೊಟ್ವಿ ಅನ್ನಿ, ಪೈಜಾಮ ಅನ್ನೋ ಪಾರ್ಸಿ ಮೂಲದ ಪದ, ಕಾಲಿನ ಬಟ್ಟೆ ಅಂತ ಅರ್ಥ, ಹಿಂದೂಸ್ತಾನದಿಂದಲೇ ಇಂಗ್ಲಿಷಿಗೆ ಹೋಗಿ ಅವರ ಮಲಗೋ ಮನೆ ಸೇರಿತು.

ನಿಮ್ಮ ಅಂಗಡೀಲಿ ನೇತಾಡೋ ಬೇರೆ ಐಟಂಗಳಿಗೂ ಇಂಥ ಜಾತಕ ಇದೆ. ನಿಕ್ಕರ್ ತಗೊಳ್ಳಿ. ವಾಷಿಂಗ್ಟನ್ ಇರ್ವಿಂಗ್ ಅನ್ನೋ ಅಮೆರಿಕದ ಲೇಖಕ 1809ರಲ್ಲಿ ನ್ಯೂಯಾರ್ಕಿನ ಒಂದು ತಮಾಷೆ ಚರಿತ್ರೆ ಬರೆದ, ಬರೆದವನು ತಾನಲ್ಲ, ಡೀಡ್ರಿಕ್ ನಿಕರ್‌ಬಾಕರ್ ಅನ್ನೋ ಡಚ್ ಮುದುಕ ಅಂತ ಸುಳ್ಳು ಹೆಸರಿಟ್ಟ. ಆ ಪುಸ್ತಕದ ಚಿತ್ರಗಳಲ್ಲಿ ಡಚ್ಚರು ಮಂಡಿವರೆಗಿನ ದೊಗಲೆ ಚಡ್ಡಿ ಹಾಕಿದ್ರು, ಅಂಥ ಚಡ್ಡಿಗೆ ನಿಕರ್‌ಬಾಕರ್ಸ್ ಅಂದ್ರು, ಕತ್ತರಿಸಿ ನಿಕರ್ಸ್, ನಮ್ಮಲ್ಲಿ ನಿಕ್ಕರ್. ಅಂದ್ರೆ ಪ್ಯಾಂಟೂ ಒಬ್ಬ ಕಟ್ಟುಕಥೆ ಮುದುಕ, ನಿಕ್ಕರೂ ಒಬ್ಬ ಕಟ್ಟುಕಥೆ ಮುದುಕ. ಜೀನ್ಸ್ ಅಂದ್ರೆ ಜಿನೋವಾ ಊರಿನ ಬಟ್ಟೆ. ಆ ಜಿನೋವಾ, ಈ ಪಾಂತಾಲೋನೆಯ ವೆನಿಸ್, ಎರಡೂ ಸಮುದ್ರ ವ್ಯಾಪಾರಕ್ಕೆ ಬದ್ಧವೈರಿಗಳು, 1378ರಿಂದ 1381ರವರೆಗೆ ನಡೆದ ಕಿಯೋಜಾ ಯುದ್ಧದಲ್ಲಿ ಒಬ್ಬರ ಹಡಗು ಒಬ್ಬರು ಹಿಡಿದು ಹೊಡೆದಾಡಿದವರು. ಈಗ ಇಬ್ಬರೂ ಸೇರಿ ‘ಜೀನ್ಸ್ ಪ್ಯಾಂಟ್’ ಅಂತ ನಿಮ್ಮ ಹ್ಯಾಂಗರ್‌ನಲ್ಲಿ ತಣ್ಣಗೆ ನೇತಾಡ್ತಿದಾರೆ.

ನಮ್ಮ ಊರುಗಳಲ್ಲಿ ಪ್ಯಾಂಟು ಅನ್ನೋದಕ್ಕೆ ಡಿಕ್ಷನರೀಲಿ ಇಲ್ಲದ ಇನ್ನೊಂದು ಅರ್ಥ ಇತ್ತು, ನನ್ನ ವಯಸ್ಸಿನವರಿಗೆ ಗೊತ್ತಿರುತ್ತೆ. ಏಳನೇ ಕ್ಲಾಸಿನವರೆಗೆ ನಿಕ್ಕರ್, ಹೈಸ್ಕೂಲಿಗೆ ಪ್ಯಾಂಟು. ನನ್ನ ಮೊದಲ ಪ್ಯಾಂಟನ್ನ ಅಪ್ಪ ಎರಡಿಂಚು ಉದ್ದ ಇಡಿಸಿ ಕೆಳಗೆ ಒಳಕ್ಕೆ ಮಡಚಿ ಹೊಲಿಸಿದ್ರು, ಹುಡುಗ ಬೆಳೀತಾನೆ, ಪ್ರತಿ ವರ್ಷ ಬಿಚ್ಚಿ ಇಳಿಸಿದ್ರಾಯ್ತು ಅಂತ. ಬಿಚ್ಚಿದ ಕಡೆ ಹಳೇ ಮಡಿಕೆಯ ಗೆರೆ ಬಣ್ಣ ಮಾಸದೆ ಕಡುನೀಲಿಯಾಗಿ ಉಳಿದಿರೋದು, ಎಸ್ಸೆಸ್ಸೆಲ್ಸಿ ಹೊತ್ತಿಗೆ ಎರಡು ಗೆರೆ ಇತ್ತು, ಮರದ ವಯಸ್ಸು ಎಣಿಸಿದಂಗೆ ಎಣಿಸಬಹುದಿತ್ತು. ‘ಅವನೀಗ ಪ್ಯಾಂಟು ಹಾಕ್ತಾನೆ’ ಅಂದ್ರೆ ದೊಡ್ಡವನಾದ, ‘ಪ್ಯಾಂಟು ಹಾಕಿದವರು ಬಂದಿದಾರೆ’ ಅಂದ್ರೆ ಯಾರೋ ಆಫೀಸರು ಬಂದಿದಾರೆ. ಮುದುಕನ ಹೆಸರು ನಮ್ಮಲ್ಲಿ ಹುಡುಗ ಪ್ರಾಯಕ್ಕೆ ಬಂದದ್ದಕ್ಕೆ ಗುರುತಾಯ್ತು, ಇದನ್ನ ಕೇಳಿದ್ರೆ ಪಾಂತಾಲೋನೆ ಖಂಡಿತ ಎದೆ ಸೆಟೆಸ್ತಿದ್ದ.

ಉಳಿದದ್ದು ಆ ‘ಸ್’. ಇಂಗ್ಲಿಷಿನಲ್ಲಿ ಎರಡು ಸಮಭಾಗ ಸೇರಿ ಒಂದಾಗೋ ವಸ್ತುಗಳನ್ನ ಬಹುವಚನದಲ್ಲೇ ಕರೆಯೋ ಅಭ್ಯಾಸ ಇದೆ, ನಿಮ್ಮ ಕೈಯಲ್ಲಿರೋ ಕತ್ತರಿಗೂ ಅವರು ಸಿಸರ್ಸ್ ಅಂತಾರೆ, ಕನ್ನಡಕಕ್ಕೆ ಗ್ಲಾಸಸ್ ಅಂತಾರೆ. ಕಾಲು ಎರಡು, ಹಂಗಾಗಿ ಟ್ರೌಸರ್ಸ್, ಪ್ಯಾಂಟ್ಸ್, ಒಂದೇ ಕೊಂಡ್ರೂ ‘ಎ ಪೇರ್ ಆಫ್ ಪ್ಯಾಂಟ್ಸ್’. ನಾವು ಆ ‘ಸ್’ ಕಿತ್ತು ಹಾಕಿ ಕೊನೇಲಿ ಒಂದು ‘ಉ’ ಅಂಟಿಸಿದ್ವಿ, ಹಂಗೆ ಮಾಡಿದ್ದೇ ಸರಿ ಅಂತ ನನ್ನ ತೀರ್ಮಾನ. ನಿಮ್ಮ ಬಿಲ್‌ಬುಕ್ಕಿನಲ್ಲಿ ‘ಪ್ಯಾಂಟ್-1’ ಅಂತ ಬರೀತಾ ಇರಿ. ಮಗನಿಗೆ ಮಾತ್ರ ಅಲ್ಲಿರೋವರೆಗೆ ಟ್ರೌಸರ್ಸ್ ಅಂತ ಕೇಳೋಕೆ ಹೇಳಿ, ಇಲ್ದಿದ್ರೆ ಮೂರು ಪ್ಯಾಂಟ್ಸ್ ಅಂತ ಆನ್‌ಲೈನ್ ಆರ್ಡರ್ ಮಾಡಿ ಮೂರು ಚಡ್ಡಿ ಬಿಚ್ಚಿ ನೋಡ್ತಾ ಕೂತಿರ್ತಾನೆ.